ಪದವಿ ತರಗತಿಯಲ್ಲಿ ಫೊರೆನ್ಸಿಕ್ ಸಂಶೋಧನೆ: ಹಿಂದಿನ ಬೆಂಚಿನವರನ್ನೂ ಲ್ಯಾಬ್ ಒಳಗೆ ತರಲು ಆಗುತ್ತದಾ?

ಲ್ಯಾಬ್‌ಕೋಟು:

ನಾನು ಸಣ್ಣ ಕಾಲೇಜೊಂದರಲ್ಲಿ ಪದವಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಸಂಶೋಧನಾ ಪ್ರಾಜೆಕ್ಟ್ ಅಂತ ನೋಟಿಸ್ ಹಾಕಿದರೆ ಪ್ರತಿ ವರ್ಷ ಮುಂದಿನ ಬೆಂಚಿನ ಅದೇ ನಾಲ್ಕೈದು ಮುಖಗಳು ಬರುತ್ತವೆ. ಉಳಿದವರು ನೋಟಿಸ್ ಬೋರ್ಡ್ ಕಡೆ ತಿರುಗಿಯೂ ನೋಡುವುದಿಲ್ಲ. ನೋಡಿದವರೂ "ಇದು ನಮಗಲ್ಲ" ಅಂತ ಮುಂದೆ ಹೋಗಿಬಿಡುತ್ತಾರೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು, ಕ್ಲಾಸ್ ಮುಗಿದ ಕೂಡಲೇ ಕೆಲಸಕ್ಕೆ ಓಡುವವರು, ದೂರದಿಂದ ಬಸ್ಸಿನಲ್ಲಿ ಬರುವವರು, ಇಂಥವರಲ್ಲಿ ಚುರುಕಾದವರು ಬೇಕಾದಷ್ಟಿದ್ದಾರೆ. ಆದರೆ ಅವರಿಗೆ ಸಂಶೋಧನೆ ಎಂದರೆ ಬೇರೆ ಯಾರೋ ಮಾಡುವ ಕೆಲಸ.

ಈ ಸಲ ಸೂಚಕಗಳ ಪಾಠದಲ್ಲಿ ಒಂದು ಚಿಕ್ಕ ಪ್ರಯೋಗ ತೋರಿಸಿದೆ. ಟೈಟ್ರೇಷನ್‌ನಲ್ಲಿ ಎಲ್ಲರೂ ಬಳಸಿ ಬೇಸತ್ತಿರುವ ಫಿನಾಲ್ಫ್ಥಲೀನ್ ಇದೆಯಲ್ಲ, ಅದನ್ನೇ ಅಪಕರ್ಷಿಸಿ ಬಣ್ಣ ಕಳೆದು, ಒಣಗಿದ ಪ್ರಾಣಿರಕ್ತದ ಕಲೆ ಒರೆಸಿದ ಹತ್ತಿಗೆ ಹಾಕಿ, ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟರೆ ಕ್ಷಣದಲ್ಲಿ ಗುಲಾಬಿ ಬಣ್ಣ. ಕಲೆ ರಕ್ತದ್ದಿರಬಹುದಾ ಅಂತ ನೋಡುವ ಕ್ಯಾಸಲ್-ಮೇಯರ್ ಪರೀಕ್ಷೆ ಇದು. ಹಿಂದಿನ ಬೆಂಚಿನವರು ಎದ್ದು ಬಂದು ಟೇಬಲ್ ಸುತ್ತ ನಿಂತರು. ತುಕ್ಕಿಗೂ ಹೀಗೇ ಆಗುತ್ತದಾ, ತೊಳೆದ ಬಟ್ಟೆಯಲ್ಲೂ ಸಿಗುತ್ತದಾ, ಎಷ್ಟು ಹಳೆಯ ಕಲೆಯವರೆಗೆ? ಪ್ರಶ್ನೆಗಳು ನಿಲ್ಲಲೇ ಇಲ್ಲ. ಇವರು ಸೆಮಿಸ್ಟರ್ ಪೂರ್ತಿ ಬಾಯಿ ಬಿಡದವರು!

ಅದಕ್ಕೇ ಯೋಚಿಸುತ್ತಿದ್ದೇನೆ. ಒಂದು ಸೆಮಿಸ್ಟರಿನ ಪ್ರಾಯೋಗಿಕ ತರಗತಿಯನ್ನು ಪೂರ್ತಿ ಫೊರೆನ್ಸಿಕ್ ಸಂಶೋಧನೆಗೆ, ಅಂದರೆ ಅಪರಾಧ ತನಿಖೆಗೆ ಬಳಸುವ ವಿಜ್ಞಾನಕ್ಕೆ, ಬಿಟ್ಟರೆ ಹೇಗೆ? ನಮ್ಮ ವಿಭಾಗದ ಮುಖ್ಯಸ್ಥರು "ಒಂದು ಕೋಣೆಯಲ್ಲಿ ಡಮ್ಮಿ ಮಲಗಿಸಿ, ಸುತ್ತ ಹಳದಿ ಟೇಪು ಕಟ್ಟಿ, ಮಕ್ಕಳು ಕೊಲೆಗಾರನನ್ನು ಹುಡುಕಲಿ" ಅನ್ನುತ್ತಾರೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ, ಆದರೆ ಯಾಕೆ ಅಂತ ಹೇಳಲೂ ಬರುತ್ತಿಲ್ಲ. ನಮ್ಮಲ್ಲಿರುವುದು ಮೈಕ್ರೋಸ್ಕೋಪು, ಕಲರಿಮೀಟರ್, ಫ್ಯೂಮ್ ಹುಡ್, ಮಿಶ್ರಣದಲ್ಲಿರುವುದನ್ನು ಬೇರ್ಪಡಿಸುವ ಟಿಎಲ್‌ಸಿ ಪ್ಲೇಟುಗಳು, ಅಷ್ಟೇ. ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರ ಇಲ್ಲ. ಮಾಡಿದವರು, ನೋಡಿದವರು ಹೇಳಿ. ಬೈದರೂ ಪರವಾಗಿಲ್ಲ.

ಸೂಕ್ಷ್ಮದರ್ಶಿ:

ಮೇಡಂ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಡಮ್ಮಿ ಮಲಗಿಸಿದ ಕೋಣೆಯಲ್ಲಿ ಉತ್ತರ ಮೊದಲೇ ಮೇಷ್ಟ್ರ ಜೇಬಿನಲ್ಲಿರುತ್ತದೆ, ಮಕ್ಕಳು ಅದನ್ನು ಊಹಿಸಬೇಕು, ಅಷ್ಟೇ. ಓಪನ್ ಡೇ ದಿನಕ್ಕೆ ಚೆನ್ನ. ಅದನ್ನು ಸಂಶೋಧನೆ ಅನ್ನುವುದು ಬೇಡ. ಉತ್ತರ ನಿಮಗೂ ಗೊತ್ತಿಲ್ಲ ಅಂತ ಮಕ್ಕಳಿಗೆ ಖಾತ್ರಿಯಾದಾಗ ಅವರು ಕೂರುವ ರೀತಿಯೇ ಬದಲಾಗುತ್ತದೆ, ಬೇಕಾದರೆ ನೋಡಿ.

ಇಲ್ಲೇ ಫೊರೆನ್ಸಿಕ್ ವಿಷಯಕ್ಕೆ ಒಂದು ಅನುಕೂಲ ಇದೆ. ಇದರಲ್ಲಿ ಅಳೆಯದೇ ಬಿಟ್ಟ ಸಣ್ಣ ಸಣ್ಣ ಪ್ರಶ್ನೆಗಳು ರಾಶಿ ಬಿದ್ದಿವೆ. ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ 2009ರಲ್ಲಿ ಕೊಟ್ಟ ವರದಿ ಹೇಳಿದ್ದು ಅದನ್ನೇ: ಡಿಎನ್‌ಎ ಪರೀಕ್ಷೆಯೊಂದನ್ನು ಬಿಟ್ಟರೆ, ಈ ಸಾಕ್ಷ್ಯ ಇದೇ ವ್ಯಕ್ತಿಯದು ಅಂತ ಖಚಿತವಾಗಿ ಹೇಳುವ ಶಕ್ತಿ ತನಗಿದೆ ಎಂದು ಬೇರೆ ಯಾವ ವಿಧಾನವೂ ಕಟ್ಟುನಿಟ್ಟಾಗಿ ಸಾಬೀತು ಮಾಡಿಲ್ಲ. 2015ರಲ್ಲಿ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಕೂದಲು ಹೋಲಿಕೆಯ ತನ್ನದೇ ಹಳೆಯ ಪ್ರಕರಣಗಳನ್ನು ತಿರುಗಿ ನೋಡಿತು. ಆಗ ಪರಿಶೀಲಿಸಿದ ವಿಚಾರಣೆಗಳಲ್ಲಿ ಕನಿಷ್ಠ 90 ಶೇಕಡಾದಷ್ಟರಲ್ಲಿ ಪರಿಣತರ ಹೇಳಿಕೆ ತಪ್ಪಾಗಿತ್ತು ಎಂದು ಒಪ್ಪಿಕೊಂಡಿತು. ಇದನ್ನು ಮೊದಲ ತರಗತಿಯಲ್ಲೇ ಮಕ್ಕಳ ಮುಂದೆ ಇಡಿ. ದೊಡ್ಡವರು ಎಲ್ಲಾ ಮುಗಿಸಿಟ್ಟಿದ್ದಾರೆ, ನಮಗೇನು ಉಳಿದಿದೆ ಅನ್ನುವ ಭಾವನೆ ಅಲ್ಲಿಗೇ ಹೋಗುತ್ತದೆ.

ಇನ್ನು ಯಂತ್ರದ ಚಿಂತೆ. ಬಟ್ಟೆಗೆ ಅಂಟಿದ ನಾರು ಎಷ್ಟು ಹೊತ್ತು ಉಳಿಯುತ್ತದೆ ಎಂಬ ಪ್ರಶ್ನೆಗೆ ಯಾವ ಯಂತ್ರ ಬೇಕು? ಪೌಂಡ್ಸ್ ಮತ್ತು ಸ್ಮಾಲ್ಡನ್ ಎಂಬಿಬ್ಬರು 1975ರಲ್ಲಿ ತೋರಿಸಿದಂತೆ ಬಹುಪಾಲು ನಾರುಗಳು ಮೊದಲ ಕೆಲವು ಗಂಟೆಗಳಲ್ಲೇ ಉದುರಿಹೋಗುತ್ತವೆ. ಆದರೆ ಬಟ್ಟೆ ಬದಲಾದರೆ, ಬೆವರಿದರೆ, ಮೇಲೆ ಬ್ಯಾಗು ಹಾಕಿಕೊಂಡರೆ ಎಷ್ಟು ಉಳಿಯುತ್ತದೆ? ಇದಕ್ಕೆಲ್ಲ ಬೇಕಾದ್ದು ಜನ. ಲೆವರ್‌ಹ್ಯೂಮ್ ಫೊರೆನ್ಸಿಕ್ ಸಂಶೋಧನಾ ಕೇಂದ್ರ ಅಂತ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದಲ್ಲಿ ಇದೆ. ಅವರು ಹಿಟ್ಟಿಗೆ ಯುವಿ ಬೆಳಕಿನಲ್ಲಿ ಹೊಳೆಯುವ ಪುಡಿ ಬೆರೆಸಿ, ಬಟ್ಟೆ ತುಂಡಿನ ಮೇಲೆ ಹಾಕಿ, ಇನ್ನೊಂದು ತುಂಡನ್ನು ಅದರ ಮೇಲೊತ್ತಿ, ಎಷ್ಟು ದಾಟಿತು, ಆಮೇಲೆ ಎಷ್ಟು ಉಳಿಯಿತು ಅಂತ ಫೋಟೋದಲ್ಲಿ ಎಣಿಸುವ ಒಂದು ಸಾಮಾನ್ಯ ವಿಧಾನ ಮಾಡಿಟ್ಟಿದ್ದಾರೆ. ಯಾರು ಬೇಕಾದರೂ ಅದನ್ನೇ ಅನುಸರಿಸಿದರೆ ಎಲ್ಲರ ಡೇಟಾ ಒಂದಕ್ಕೊಂದು ಹೋಲಿಸಬಹುದು. 40 ಜನರ ತರಗತಿ ಸಾಮಾನ್ಯವಾಗಿ ತಲೆನೋವು, ಇಂಥ ಕೆಲಸದಲ್ಲಿ ಮಾತ್ರ ಅದೇ ಬಂಡವಾಳ.

ನಿಮ್ಮ ಕ್ಯಾಸಲ್-ಮೇಯರ್ ಪ್ರಶ್ನೆಗಳನ್ನೂ ಸುಮ್ನೆ ಬಿಡಬೇಡಿ, ಅವು ಅಪ್ಪಟ ಸಂಶೋಧನಾ ಪ್ರಶ್ನೆಗಳು. ಮೂಲಂಗಿ, ಆಲೂಗಡ್ಡೆಯಂಥ ತರಕಾರಿಗಳಲ್ಲಿರುವ ಪೆರಾಕ್ಸಿಡೇಸ್ ಎಂಬ ಕಿಣ್ವ ಕೂಡ ಬಣ್ಣ ತರಬಹುದು, ತಾಮ್ರದ ಲವಣಗಳೂ ತರಬಹುದು. ಪೆರಾಕ್ಸೈಡ್ ಹಾಕುವ ಮೊದಲೇ ಗುಲಾಬಿ ಬಂದರೆ ಅಲ್ಲಿ ಬೇರೆ ಯಾವುದೋ ಉತ್ಕರ್ಷಣಕಾರಿ ಇದೆ ಅಂತ ಅರ್ಥ. ಹಾಗಾಗಿ ರೀಏಜೆಂಟ್ (ಬಣ್ಣ ಕಳೆದ ಆ ಫಿನಾಲ್ಫ್ಥಲೀನ್) ಹಾಕಿ ಸ್ವಲ್ಪ ಕಾಯಬೇಕು, ಆಮೇಲೆ ಪೆರಾಕ್ಸೈಡ್. ತುಂಬಾ ಹೊತ್ತು ಬಿಟ್ಟರೆ ಗಾಳಿಗೇ ಬಣ್ಣ ಬರುತ್ತದೆ, ಆದ್ದರಿಂದ ಎಷ್ಟು ಸೆಕೆಂಡಿನೊಳಗೆ ಬಂದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಮೊದಲೇ ಬರೆದಿಡಬೇಕು. ಈ ಶಿಸ್ತನ್ನು ಟೈಟ್ರೇಷನ್ ಕಲಿಸುವುದಿಲ್ಲ, ಅಲ್ವಾ? ಅಲ್ಲಿ ಸರಿ ಉತ್ತರ ಎಷ್ಟು ಬರಬೇಕು ಅಂತ ಪಕ್ಕದವನ ಪುಸ್ತಕದಲ್ಲಿ ಇರುತ್ತದೆ.

ಕಹಿಬೇವು:

ಎಲ್ಲರೂ ಹೊಗಳುವ ಮೊದಲು ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ.

ಮಕ್ಕಳು ಎದ್ದು ಬಂದದ್ದು ರಕ್ತ ಅಂದಿದ್ದಕ್ಕಾ, ರಸಾಯನಶಾಸ್ತ್ರ ಅಂದಿದ್ದಕ್ಕಾ? ಟಿವಿಯಲ್ಲಿ ಅರ್ಧ ಗಂಟೆಗೆ ಡಿಎನ್‌ಎ ವರದಿ ಬರುವುದನ್ನು ನೋಡಿದವರು ಇಲ್ಲಿ ವಾರಗಟ್ಟಲೆ ನಾರು ಎಣಿಸುತ್ತಾರಾ? ಫೊರೆನ್ಸಿಕ್ ಲ್ಯಾಬುಗಳಲ್ಲಿ ಕೆಲಸಗಳು ಎಲ್ಲಾ ಕಡೆ ಕಡಿಮೆ, ಅರ್ಜಿ ಹಾಕುವವರು ಜಾಸ್ತಿ. ಆಸೆ ಹುಟ್ಟಿಸಿ ಆಮೇಲೆ ಕೈ ಬಿಡುವುದು ಒಳ್ಳೆಯದಲ್ಲ. ಇದನ್ನು ಉದ್ಯೋಗದ ದಾರಿ ಅಂತ ಮಾರಬೇಡಿ. ಮಾದರಿಗೆ ಲೇಬಲ್ ಹಚ್ಚಿ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ದಾಖಲೆ ಇಡುವುದು, ಹೋಲಿಕೆಗೆ ಏನೂ ಇಲ್ಲದ ಖಾಲಿ ಮಾದರಿಯನ್ನೂ ಜೊತೆಗೆ ಪರೀಕ್ಷಿಸುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ವರದಿಯಲ್ಲಿ ಬರೆಯುವುದು, ಇವು ಔಷಧ ಕಂಪನಿಯಲ್ಲೂ ಆಹಾರ ಪರೀಕ್ಷೆಯಲ್ಲೂ ನೀರಿನ ಲ್ಯಾಬಿನಲ್ಲೂ ಬೇಕು. ಅದನ್ನು ಹೇಳಿ, ಸಾಕು.

ಎರಡನೆಯದು ಇನ್ನೂ ಮುಖ್ಯ. ಇದನ್ನು ಐಚ್ಛಿಕ ಮಾಡಿದರೆ, ಸಂಜೆ ಐದರ ನಂತರ ಇಟ್ಟರೆ, ಮಾರ್ಕ್ಸ್ ನೋಡಿ ಆರಿಸಿದರೆ, ಬರುವವರು ಅದೇ ನಾಲ್ಕೈದು ಜನ. ವಿಷಯ ರಕ್ತ ಆದರೇನು, ರಾಕೆಟ್ ಆದರೇನು. ಕೆಲಸಕ್ಕೆ ಓಡುವ ಹುಡುಗನಿಗೆ ಆಸಕ್ತಿ ಇಲ್ಲ ಅಂತಲ್ಲ, ಹೊತ್ತಿಲ್ಲ. ಆದ್ದರಿಂದ ವೇಳಾಪಟ್ಟಿಯೊಳಗೇ, ಎಲ್ಲರಿಗೂ, ಕ್ರೆಡಿಟ್ ಸಮೇತ. ಮಣ್ಣಿನಿಂದ ಬ್ಯಾಕ್ಟೀರಿಯಾ ತಿನ್ನುವ ವೈರಸ್ ಹಿಡಿಯುವ ಸೀ-ಫೇಜಸ್ ಕಾರ್ಯಕ್ರಮ 2008ರಲ್ಲಿ ಅಮೆರಿಕದ ಹೊವಾರ್ಡ್ ಹ್ಯೂಸ್ ಸಂಸ್ಥೆಯ ಬೆಂಬಲದಿಂದ ಶುರುವಾಗಿ ನೂರಕ್ಕೂ ಹೆಚ್ಚು ಕಾಲೇಜುಗಳಿಗೆ ಹಬ್ಬಿದ್ದು ಯಾಕೆ? ಮೊದಲ ವರ್ಷದ ಮಾಮೂಲಿ ಲ್ಯಾಬ್ ಅವಧಿಯನ್ನೇ ಸಂಶೋಧನೆ ಮಾಡಿದ್ದರಿಂದ. ಯಾರನ್ನೂ ಆರಿಸಲು ಹೋಗಲಿಲ್ಲ.

ಮೂರನೆಯದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ನಿಮ್ಮ ತರಗತಿಯಲ್ಲಿ ಮನೆಯವರನ್ನು ಹಿಂಸೆಯಲ್ಲಿ ಕಳೆದುಕೊಂಡ ಹುಡುಗಿ ಇರಬಹುದು. ಪೊಲೀಸ್ ಎಂದರೆ ಭಯವೇ ಹೊರತು ನ್ಯಾಯ ಅಲ್ಲ ಎಂಬ ಅನುಭವದ ಮನೆಯಿಂದ ಬಂದವನು ಇರಬಹುದು. ನಿಜವಾದ ಹೆಣಗಳ ಫೋಟೋ, ರಕ್ತಸಿಕ್ತ ಕಥೆ ಇಲ್ಲದೆಯೂ ಈ ವಿಜ್ಞಾನ ಪೂರ್ತಿ ಕಲಿಸಬಹುದು. ಯಾರನ್ನು ಒಳಗೆ ತರಬೇಕು ಅಂತ ಹೊರಟಿದ್ದೀರೋ ಅವರೇ ಮೊದಲ ವಾರ ಹೊರಗೆ ಹೋದರೆ ಏನು ಪ್ರಯೋಜನ?

ನೊಣದ ಬೆನ್ನತ್ತಿ:

ಕಹಿಬೇವು ಸರ್ ಹೇಳಿದ ವೇಳಾಪಟ್ಟಿ ಮಾತಿಗೆ ನನ್ನದೂ ಒಂದು ಓಟು. ಉಳಿದದ್ದರಲ್ಲಿ ನನಗೆ ಅವರಷ್ಟು ಕಹಿ ಇಲ್ಲ.

ನಾನು ನೊಣದ ಪಕ್ಷ. ಪಿಸಿಆರ್ ಇಲ್ಲದ ಕಾಲೇಜಿಗೆ ಇದಕ್ಕಿಂತ ಒಳ್ಳೆಯ ವಿಷಯ ಇಲ್ಲ ಅಂತ ಜಗಳ ಆಡಲೂ ಸಿದ್ಧ. ಚೀನಾದ ಸಾಂಗ್ ತ್ಸೆ 1247ರ ತನ್ನ ಕೈಪಿಡಿಯಲ್ಲಿ ಒಂದು ಪ್ರಕರಣ ಬರೆದಿದ್ದಾನೆ. ಕೊಲೆ ನಡೆದ ಹಳ್ಳಿಯ ಜನರೆಲ್ಲ ತಮ್ಮ ಕುಡುಗೋಲು ತಂದು ಇಡಬೇಕು ಅಂತ ಅಧಿಕಾರಿ ಹೇಳಿದಾಗ ಒಂದೇ ಕುಡುಗೋಲಿಗೆ ನೊಣ ಮುತ್ತಿತಂತೆ, ಒಡೆಯ ಸಿಕ್ಕಿಬಿದ್ದ. ಈಗ ನಾವು ಕೇಳುವ ಪ್ರಶ್ನೆ ಬೇರೆ: ಹೆಣದ ಮೇಲೆ ನೊಣ ಇಟ್ಟ ಮೊಟ್ಟೆಯಿಂದ ಬಂದ ಹುಳು ಎಷ್ಟು ದೊಡ್ಡದಾಗಿದೆ ನೋಡಿ ಸಾವು ಸಂಭವಿಸಿ ಎಷ್ಟು ಹೊತ್ತಾಯಿತು ಎಂದು ಅಂದಾಜು ಮಾಡಬಹುದಾ? ಮಾಡಬಹುದು, ಆದರೆ ಹುಳು ಬೆಳೆಯುವ ವೇಗ ಬಿಸಿಯ ಮೇಲೆ ನಿಂತಿದೆ. ಅದಕ್ಕೇ ಗಂಟೆ ಮಾತ್ರ ಎಣಿಸಿದರೆ ಸಾಲದು, ಡಿಗ್ರಿ-ಗಂಟೆ ಎಣಿಸಬೇಕು. ಬೆಳವಣಿಗೆ 10 ಡಿಗ್ರಿಗಿಂತ ಕೆಳಗೆ ನಿಲ್ಲುತ್ತದೆ ಅಂತ ಇಟ್ಟುಕೊಳ್ಳಿ. ಸರಾಸರಿ 25 ಡಿಗ್ರಿಯ ಒಂದು ದಿನಕ್ಕೆ 15ನ್ನು 24ರಿಂದ ಗುಣಿಸಿದರೆ 360 ಡಿಗ್ರಿ-ಗಂಟೆ. 20 ಡಿಗ್ರಿಯ ದಿನಕ್ಕೆ 240. ಇಷ್ಟು ಲೆಕ್ಕ ಸಾಕು.

ಮುಖ್ಯ ವಿಷಯ ಏನೆಂದರೆ ಒಂದೇ ಜಾತಿಯ ನೊಣ ಕೂಡ ಬೇರೆ ಬೇರೆ ಪ್ರದೇಶಗಳಲ್ಲಿ ಬೇರೆ ವೇಗದಲ್ಲಿ ಬೆಳೆಯಬಹುದು. ಎಲ್ಲಿಯದೋ ಕೋಷ್ಟಕ ತಂದು ಇನ್ನೆಲ್ಲಿಗೋ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ಅಂದರೆ ನಿಮ್ಮ ಕಾಲೇಜು ಇರುವ ಜಾಗದ, ಆ ಋತುವಿನ ನೊಣದ ಡೇಟಾ ಜಗತ್ತಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದಿರುವ ಸಾಧ್ಯತೆ ತುಂಬಾ ಹೆಚ್ಚು. ಎರಡನೇ ವರ್ಷದ ಹುಡುಗ ಅದನ್ನು ತೆಗೆದರೆ ಅದು ನಿಜವಾಗಿಯೂ ಹೊಸದು.

ಮಾಡುವ ಬಗೆ: ಜಾಲರಿ ಮುಚ್ಚಳದ ಡಬ್ಬಿ, ತಳಕ್ಕೆ ಮರದ ಪುಡಿ ಅಥವಾ ಮರಳು, ಮಾಂಸದ ತುಂಡು, ಪಕ್ಕದಲ್ಲೇ ನೆರಳಿನಲ್ಲಿ ತಾಪಮಾನ ದಾಖಲಿಸುವ ಸಣ್ಣ ಲಾಗರ್. ಹುಳುಗಳು ಗುಂಪಾದರೆ ಆ ಗುಂಪಿನ ಒಳಗಿನ ಬಿಸಿ ಹೊರಗಿಗಿಂತ ಹಲವು ಡಿಗ್ರಿ ಜಾಸ್ತಿ ಇರುತ್ತದೆ, ಅದನ್ನೂ ಅಳೆಯಿರಿ. ಅಳತೆಗೆ ತೆಗೆದ ಹುಳುವನ್ನು ಸೀದಾ ಆಲ್ಕೋಹಾಲ್‌ಗೆ ಹಾಕಬೇಡಿ, ಮುದುರಿಕೊಂಡು ಉದ್ದ ತಪ್ಪು ಬರುತ್ತದೆ. ಮೊದಲು ಕುದಿಯುವ ಹಂತಕ್ಕೆ ಹತ್ತಿರದ ಬಿಸಿನೀರಿನಲ್ಲಿ ಅರ್ಧ ನಿಮಿಷ, ಆಮೇಲೆ 80 ಶೇಕಡಾ ಎಥನಾಲ್. ಹುಳು ನೋಡಿ ಜಾತಿ ಗುರುತಿಸುವುದು ಕಷ್ಟ, ಹಾಗಾಗಿ ಕೆಲವನ್ನು ನೊಣ ಆಗುವವರೆಗೂ ಸಾಕಿ.

ವಾಸನೆ? ಇದೆ. ಸುಳ್ಳು ಹೇಳುವುದಿಲ್ಲ. ವಾಸನೆ ಆಗದವರಿಗೆ ಮೈಕ್ರೋಸ್ಕೋಪಿನ ಕೆಳಗೆ ಉದ್ದ ಅಳೆಯುವುದು, ಲಾಗರ್ ಡೇಟಾ ಇಳಿಸುವುದು, ಗ್ರಾಫ್ ಹಾಕುವುದು ಇದೆ. ರಾತ್ರಿ ಕೆಲಸ ಮಾಡುವವರು ಮನೆಯಿಂದಲೇ ಫೋಟೋ ನೋಡಿ ಅಳೆಯಬಹುದು. ಆದರೆ ಪಾಳಿ ಬದಲಿಸುತ್ತಿರಿ. ಇಲ್ಲದಿದ್ದರೆ ಜೋರಾಗಿ ಮಾತಾಡುವವರು ಮೈಕ್ರೋಸ್ಕೋಪ್ ಹಿಡಿಯುತ್ತಾರೆ, ಮೆತ್ತಗಿನವರು ಡಬ್ಬಿ ತೊಳೆಯುತ್ತಾರೆ. ಇದು ಪ್ರತಿ ಗುಂಪಿನಲ್ಲೂ ತಾನಾಗಿಯೇ ಆಗುತ್ತದೆ, ಕಣ್ಣಿಡಬೇಕು.

ಲೆಕ್ಕದ ಹುಡುಗಿ:

ನಾನು ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದೇನೆ. ಪದವಿಯಲ್ಲಿ ಇಂಥದ್ದೇ ಒಂದು ಕೋರ್ಸಿನಲ್ಲಿದ್ದೆ, ಅದಕ್ಕೆ ಮೊದಲು ಲ್ಯಾಬ್ ಎಂದರೆ ನನಗೆ ಆಗುತ್ತಿರಲಿಲ್ಲ. ನೊಣದವರ ಉತ್ಸಾಹ ನೋಡಿ ಖುಷಿಯಾಯಿತು, ಆದರೆ ಡಬ್ಬಿಯೂ ಬೇಡ, ಫ್ಯೂಮ್ ಹುಡ್ಡೂ ಬೇಡ ಎನ್ನುವ ಸಂಶೋಧನೆಯೂ ಈ ವಿಷಯದಲ್ಲಿದೆ ಅಂತ ಹೇಳಲು ಬಂದೆ.

ಓರೆಯಾಗಿ ಬಿದ್ದ ರಕ್ತದ ಹನಿ ಉದ್ದನೆಯ ಕಲೆ ಮಾಡುತ್ತದೆ. ಅಗಲವನ್ನು ಉದ್ದದಿಂದ ಭಾಗಿಸಿದರೆ ಬಿದ್ದ ಕೋನದ ಸೈನ್ ಸಿಗುತ್ತದೆ: 4 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಉದ್ದ ಇದ್ದರೆ 0.5, ಅಂದರೆ 30 ಡಿಗ್ರಿ. ಪುಸ್ತಕದಲ್ಲಿ ಇಷ್ಟೇ. ನಮ್ಮ ಪ್ರಶ್ನೆ ಬೇರೆಯಾಗಿತ್ತು. ಒಂದೇ ಕಲೆಯ ಫೋಟೋವನ್ನು ತರಗತಿಯ ಎಲ್ಲರಿಗೂ ಕೊಟ್ಟರೆ ಎಲ್ಲರಿಗೂ ಒಂದೇ ಕೋನ ಬರುತ್ತದಾ? ಬರಲಿಲ್ಲ. ಕಲೆಯ ಬಾಲ ಎಲ್ಲಿ ಮುಗಿಯುತ್ತದೆ ಅಂತ ಒಬ್ಬೊಬ್ಬರು ಒಂದೊಂದು ಕಡೆ ಗೆರೆ ಎಳೆದಿದ್ದರು. ನೇರವಾಗಿ ಬಿದ್ದ ಹನಿಗಳಲ್ಲಂತೂ ಅಗಲದ ಚೂರು ವ್ಯತ್ಯಾಸಕ್ಕೆ ಕೋನ ಎಲ್ಲಿಂದೆಲ್ಲಿಗೋ ಹೋಗುತ್ತದೆ. 90ರ ಹತ್ತಿರ ಸೈನ್ ಚಪ್ಪಟೆಯಾಗುವುದೇ ಕಾರಣ. ಸೈನ್ ಗ್ರಾಫ್ ಅಷ್ಟು ವರ್ಷ ಬರೆದಿದ್ದೆ, ಅದು ಚಪ್ಪಟೆಯಾದರೆ ಯಾರಿಗಾದರೂ ತೊಂದರೆ ಆಗಬಹುದು ಅಂತ ಆ ದಿನದವರೆಗೂ ಹೊಳೆದಿರಲಿಲ್ಲ.

ಆಮೇಲೆ ಪೂರ್ವಗ್ರಹದ ಪ್ರಯೋಗ. 2006ರಲ್ಲಿ ಇಟಿಯಲ್ ಡ್ರೋರ್ ಮತ್ತು ಜೊತೆಗಾರರು ಐದು ಮಂದಿ ಬೆರಳಚ್ಚು ತಜ್ಞರಿಗೆ, ಅವರೇ ಹಿಂದೆ ಹೊಂದುತ್ತದೆ ಎಂದು ಹೇಳಿದ್ದ ಅಚ್ಚುಗಳನ್ನು ಮತ್ತೆ ಕೊಟ್ಟರು. ಜೊತೆಗೆ ಇದು ತಪ್ಪಾಗಿ ಗುರುತಿಸಿದ ಒಂದು ಹೆಸರುವಾಸಿ ಪ್ರಕರಣದ್ದು ಎಂಬ ಸುಳ್ಳು ಹಿನ್ನೆಲೆ. ಐವರಲ್ಲಿ ನಾಲ್ವರು ತಮ್ಮದೇ ಹಳೆಯ ತೀರ್ಮಾನ ಬದಲಿಸಿದರು! ಇನ್ನೊಂದು ಕಡೆ 2011ರ ದೊಡ್ಡ ಅಧ್ಯಯನವೂ ಇದೆ. ಅದರಲ್ಲಿ 169 ತಜ್ಞರು ಇದ್ದರು, ಬೇರೆಯವರ ಅಚ್ಚನ್ನು ಒಂದೇ ಅಂದದ್ದು 0.1 ಶೇಕಡಾ, ಒಂದೇ ಅಚ್ಚನ್ನು ಬೇರೆ ಅಂದದ್ದು 7.5 ಶೇಕಡಾ. ಎರಡನ್ನೂ ಪಕ್ಕಪಕ್ಕ ಇಟ್ಟು ಚರ್ಚೆ ಮಾಡಿಸಿ. ಕಲಾ ವಿಭಾಗದ ಸೈಕಾಲಜಿ ಮಕ್ಕಳನ್ನೂ ಕರೆಯಬಹುದು, ಅವರಿಗೆ ವಿಜ್ಞಾನದ ಬಾಗಿಲು ತೆರೆಯುವುದು ಹೀಗೇ.

ಒಂದು ಮಾತು ಹೆಸರಿನ ಬಗ್ಗೆ. ಬೆರಳಚ್ಚುಗಳನ್ನು ವಿಂಗಡಿಸಿ ಹುಡುಕಲು ಸುಲಭ ಮಾಡಿದ ಪದ್ಧತಿಗೆ ಬ್ರಿಟಿಷ್ ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿದೆ. ಅಚ್ಚುಗಳನ್ನು 1,024 ಗೂಡುಗಳಿಗೆ ಹಂಚುವ ಗಣಿತದ ಸೂತ್ರ ಕಟ್ಟಿದ್ದು ಅವರ ಕೈಕೆಳಗಿದ್ದ ಅಜೀಜುಲ್ ಹಕ್, ಜೊತೆಗೆ ದುಡಿದದ್ದು ಹೇಮಚಂದ್ರ ಬೋಸ್. ಕಲ್ಕತ್ತದಲ್ಲಿ 1897ರಲ್ಲಿ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾದದ್ದೂ ಈ ಕೆಲಸದ ಮೇಲೆಯೇ. ಅವರ ಹೆಸರು ಎಷ್ಟು ಜನರಿಗೆ ಗೊತ್ತು? ಅಳತೆ ಮಾಡಿದ ಪ್ರತಿಯೊಬ್ಬರ ಹೆಸರೂ ಪೋಸ್ಟರಿನಲ್ಲಿ ಇರಲಿ ಮೇಡಂ. ನನ್ನ ಹೆಸರು ಕೊನೆಯಲ್ಲಿತ್ತು, ಅಮ್ಮ ಅದರ ಫೋಟೋ ತೆಗೆಸಿಕೊಂಡು ಈಗಲೂ ಫೋನಿನಲ್ಲಿ ಇಟ್ಟುಕೊಂಡಿದ್ದಾರೆ.

ಲ್ಯಾಬ್‌ಕೋಟು:

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಡಮ್ಮಿ ಯೋಜನೆ ಓಪನ್ ಡೇಗೆ ಹೋಯಿತು, ಮುಖ್ಯಸ್ಥರೂ ಒಪ್ಪಿದರು (2009ರ ವರದಿಯ ಮಾತು ಕೆಲಸ ಮಾಡಿತು). ಲ್ಯಾಬ್ ಅವಧಿಯಲ್ಲೇ, ಎಲ್ಲರಿಗೂ, ಕ್ರೆಡಿಟ್ ಸಮೇತ ಅಂತ ಬರೆದುಕೊಟ್ಟಿದ್ದೇನೆ. ಮೊದಲು ಕ್ಯಾಸಲ್-ಮೇಯರ್ ಮತ್ತು ನಾರು, ಒಂದು ಗುಂಪು ನೊಣ. ಇನ್ನೆರಡು ಸಂಶಯ. ಸಹೋದ್ಯೋಗಿಯೊಬ್ಬರು ಮಕ್ಕಳ ಎಂಜಲು ತೆಗೆದು ಡಿಎನ್‌ಎ ಪ್ರೊಫೈಲ್ ಮಾಡಿಸೋಣ, ಮಜಾ ಇರುತ್ತದೆ ಅನ್ನುತ್ತಿದ್ದಾರೆ. ಮತ್ತೆ, ಇದರಿಂದ ನಿಜವಾಗಿ ಏನಾದರೂ ಬದಲಾಯಿತಾ ಅಂತ ತಿಳಿಯುವುದು ಹೇಗೆ?

ಸೂಕ್ಷ್ಮದರ್ಶಿ:

ಮಕ್ಕಳ ಡಿಎನ್‌ಎ ಬೇಡವೇ ಬೇಡ. ಅಣ್ಣ ತಂಗಿ ಒಂದೇ ತರಗತಿಯಲ್ಲಿ ಇದ್ದು ಏನಾದರೂ ಹೊರಬಂದರೆ ಮನೆ ಒಡೆಯುತ್ತದೆ, ಮಾರ್ಕ್ಸ್ ಕೊಡುವ ಮೇಷ್ಟ್ರು ಕೇಳಿದಾಗ ಒಪ್ಪಿಗೆ ಎಂಬುದಕ್ಕೂ ಅರ್ಥವಿಲ್ಲ. ಬೆರಳಚ್ಚು ಕೂಡ ಗುರುತೇ. ಲಿಖಿತ ಒಪ್ಪಿಗೆ ಪಡೆದು, ಹೆಸರಿನ ಬದಲು ಸಂಖ್ಯೆ ಹಾಕಿ, ಕೊನೆಗೆ ನಾಶಮಾಡಿ. ಕೊಡಲು ಇಷ್ಟವಿಲ್ಲದವರು ಕೊಡದಿರಲಿ. ಕಾಗದದ ಮೇಲಿನ ಅಚ್ಚಿಗೆ ನಿನ್‌ಹೈಡ್ರಿನ್ ಬಳಸಿದರೆ ಕೈಗವಸು ಹಾಕಿ ಫ್ಯೂಮ್ ಹುಡ್ ಒಳಗೇ ಮಾಡಿ. ಬೆವರಿನ ಅಮೈನೋ ಆಮ್ಲಕ್ಕೆ ನೇರಳೆ ಬಣ್ಣ ಕೊಡುವ ವಸ್ತು ಅದು, ನಿಮ್ಮ ಚರ್ಮಕ್ಕೂ ಅದೇ ಬಣ್ಣ ಕೊಡುತ್ತದೆ.

ಡಿಎನ್‌ಎ ಬೇಕೇ ಬೇಕು ಅಂದರೆ ಮುಂದಿನ ವರ್ಷ ಮೀನು ತೆಗೆದುಕೊಳ್ಳಿ. ಸುಮಾರು 650 ಅಕ್ಷರಗಳ ಒಂದು ಜೀನ್ ತುಂಡು ಓದಿದರೆ ಬಹುತೇಕ ಪ್ರಾಣಿಗಳ ಜಾತಿ ತಿಳಿಯುತ್ತದೆ. 2008ರಲ್ಲಿ ನ್ಯೂಯಾರ್ಕಿನ ಇಬ್ಬರು ಹೈಸ್ಕೂಲ್ ಹುಡುಗಿಯರು ಅಂಗಡಿ ಮತ್ತು ಹೋಟೆಲುಗಳ ಮೀನು ಸಂಗ್ರಹಿಸಿ ಲ್ಯಾಬಿಗೆ ಕಳಿಸಿದರು, ಕಾಲು ಭಾಗದಷ್ಟಕ್ಕೆ ತಪ್ಪು ಹೆಸರು ಹಚ್ಚಿದ್ದು ಬಯಲಾಯಿತು. ಅವರ ಹತ್ತಿರವೂ ಯಂತ್ರ ಇರಲಿಲ್ಲ.

ಕಹಿಬೇವು:

ಅಳೆಯುವುದು ಹೇಗೆ ಅಂದರೆ, ಕೊನೆಯ ದಿನ "ಕೋರ್ಸ್ ಇಷ್ಟವಾಯಿತೇ" ಅಂತ ಫಾರಂ ಕೊಡಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಮುಂದಿನ ವರ್ಷ ಪ್ರಾಜೆಕ್ಟಿಗೆ ಯಾರು ಹೆಸರು ಕೊಟ್ಟರು ನೋಡಿ, ಹಿಂದಿನ ವರ್ಷಗಳ ಪಟ್ಟಿ ಪಕ್ಕಕ್ಕಿಡಿ. ಅದೇ ನಾಲ್ಕೈದು ಮುಖಗಳಾ, ಹೊಸವಾ? ಯಾರು ಮಧ್ಯದಲ್ಲಿ ಬಿಟ್ಟರು, ಯಾಕೆ ಅಂತ ಅವರನ್ನೇ ಕೇಳಿ, ಉಳಿದವರನ್ನಲ್ಲ. ಮತ್ತೆ ಈ ವರ್ಷದ ಪಟ್ಟಿಯನ್ನು ಕೋರ್ಸ್ ಶುರುವಾಗುವ ಮೊದಲೇ ಎತ್ತಿಡಿ. ಆಮೇಲೆ ಹುಡುಕಿದರೆ ಆಫೀಸಿನಲ್ಲಿ ಸಿಗುವುದಿಲ್ಲ.

ಲ್ಯಾಬ್‌ಕೋಟು:

ಎತ್ತಿಟ್ಟೆ. ನೊಣದವರೇ, ನಡುವೆ ರಜೆ ಬಂದರೆ ಆ ಡಬ್ಬಿಗಳನ್ನು ಏನು ಮಾಡುವುದು?

ನೊಣದ ಬೆನ್ನತ್ತಿ:

ರಜೆ ಯಾವಾಗ ಅಂತ ನೋಡಿಯೇ ಮಾಂಸ ಇಡಿ. ಮೊಟ್ಟೆಯಿಂದ ನೊಣದವರೆಗೆ ಬಿಸಿ ದಿನಗಳಲ್ಲಿ ಎರಡು ವಾರದ ಆಸುಪಾಸು, ಚಳಿ ಇದ್ದರೆ ಜಾಸ್ತಿ. ಮುಗಿದ ಡಬ್ಬಿಯನ್ನು ಎರಡು ದಿನ ಡೀಪ್ ಫ್ರೀಜರ್‌ನಲ್ಲಿಟ್ಟು ಆಮೇಲೆ ಎಸೆಯಿರಿ. ಊಟದ ಡಬ್ಬಿ ಇಡುವ ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಸ್ಟಾಫ್ ರೂಮಿನವರು ಇಡೀ ಕೋರ್ಸನ್ನೇ ನಿಲ್ಲಿಸುತ್ತಾರೆ.